ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ

"ಗುರುಗಳೇ, ನಾನೊಂದು ಕೃತಿ ಮಾಡಿ ಅಂತರ್ಜಾಲಕ್ಕೆ ಬಿಟ್ಟಿದ್ದೇನೆ. ಅದರಲ್ಲಿ ನನ್ನ ಹೆಸರಿಲ್ಲ, ಗುರುತಿಲ್ಲ. ಕೃತಿ ಕೈಯಿಂದ ಹೊರಬಿದ್ದ ಮೇಲೆ ಮಾಡಿದವನು ಸತ್ತಂತೆ, ಅರ್ಥವೆಲ್ಲ ನೋಡುವವರದು ಎಂದು ಆಧುನಿಕೋತ್ತರ ಚಿಂತಕರು ಹೇಳುತ್ತಾರೆ. ನಾನು ಮಾಡಿದ್ದು ಸರಿಯೇ?" ಎಂದು ಚನ್ನವೀರ ಕೇಳಿದ.

ಗುರುಗಳು ನಕ್ಕರು. "ಇಷ್ಟು ಸಣ್ಣ ವಯಸ್ಸಿಗೇ ಸತ್ತುಬಿಟ್ಟೆಯಾ ಮಹರಾಯ? ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಕಲಾವಿದನಿದ್ದ. ಒಂಟಿ ಮನುಷ್ಯ. ದೊಡ್ಡ ಊರಿನಲ್ಲಿ ಒಂದು ಬಾಡಿಗೆ ಕೋಣೆ. ಊಟ ಆಯ್ತಾ ಎಂದು ಕೇಳುವವರಿರಲಿಲ್ಲ. ಅವನು ಅಂತರ್ಜಾಲದಲ್ಲಿ ಒಂದು ಮನೆಬಾಗಿಲು ಮಾಡಿದ. ಮುಚ್ಚಿದ ಬಾಗಿಲು, ಹೊಸ್ತಿಲು, ಅಷ್ಟೇ. ಯಾರಾದರೂ ಆ ಪುಟ ತೆರೆದರೆ ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ ಮೂಡುತ್ತಿತ್ತು. ಅವರು ಹೋದರೆ ಚಪ್ಪಲಿಯೂ ಹೋಗುತ್ತಿತ್ತು. ಹೆಸರು, ಊರು ಯಾರೂ ಹೇಳಬೇಕಾಗಿರಲಿಲ್ಲ. ಏನಾದರೂ ಬರೆಯಬೇಕೆನಿಸಿದರೆ ಕೆಳಗೆ ಸ್ವಲ್ಪ ಜಾಗ. ಒಳಗೆ ಯಾರಿದ್ದಾರೆ ಎಂಬುದನ್ನು ಬಂದವರೇ ಕಲ್ಪಿಸಿಕೊಳ್ಳಬೇಕು.

ನೀನು ಓದಿದ ಪುಸ್ತಕಗಳನ್ನೇ ಅವನೂ ಓದಿದ್ದ. ಹಾಗಾಗಿ ತಾನು ಎಷ್ಟು ಹೊತ್ತು ನೋಡುತ್ತಿದ್ದರೂ ತನ್ನ ಚಪ್ಪಲಿ ಮಾತ್ರ ಯಾರಿಗೂ ಕಾಣದ ಹಾಗೆ ಏರ್ಪಾಡು ಮಾಡಿದ.

"ನಿನ್ನದೂ ಒಂದು ಜೊತೆ ಬಿಡೋ ಅಲ್ಲಿ. ಮನೆ ಅಂದಮೇಲೆ ಮನೆಯವನು ಬೇಡವಾ?" ಎಂದ ಅವನ ಗೆಳೆಯ.

"ಮಾಡಿದವನು ಅಲ್ಲಿ ಇರಕೂಡದು ಕಣೋ. ಇದ್ದರೆ ಕೃತಿ ಕೆಟ್ಟಿತು."

"ನಿನ್ನ ಹಣೆಬರಹ" ಎಂದು ಗೆಳೆಯ ಎದ್ದು ಹೋದ.

ಮೊದಮೊದಲು ಜನವೋ ಜನ. ಮದುವೆ ಮನೆಯ ಮುಂದಿನ ಹಾಗೆ ಚಪ್ಪಲಿಗಳು ಬಿದ್ದವು. ಕೃತಿಕಾರನಿಲ್ಲದ ಕೃತಿ ಎಂದು ಪಂಡಿತರು ಉದ್ದುದ್ದ ಲೇಖನ ಬರೆದರು. ಆಮೇಲೆ ಬೇರೇನೋ ಹೊಸತು ಬಂತು. ಎಲ್ಲರೂ ಅಲ್ಲಿಗೆ ಓಡಿದರು. ಉಳಿದದ್ದು ಒಂದೇ ಜೊತೆ, ನೀಲಿ ಹವಾಯಿ ಚಪ್ಪಲಿ. ದಿನಾ ನಾಲ್ಕು ಗಂಟೆಗೆ ಬರುತ್ತಿತ್ತು, ಅರ್ಧ ಗಂಟೆ ಇರುತ್ತಿತ್ತು.

ಕಲಾವಿದ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಚಹಾ ಮಾಡಿಕೊಂಡು ಪರದೆಯ ಮುಂದೆ ಕೂರುತ್ತಿದ್ದ. ಒಗೆದ ಅಂಗಿ ಹಾಕಿಕೊಂಡು ಕೂರುತ್ತಿದ್ದ ಅಂದರೆ ನಂಬುತ್ತೀಯಾ? ಬಂದವರು ಗಂಡಸೋ ಹೆಂಗಸೋ, ಯಾವ ಊರಿನವರೋ ಅವನಿಗೆ ತಿಳಿಯದು. ಆದರೂ ಅವನಿಗೆ ಅದೇ ದೊಡ್ಡ ಖುಷಿ. ಒಂದು ದಿನ ಚಪ್ಪಲಿ ಬರುವುದು ಹತ್ತು ನಿಮಿಷ ತಡವಾಯಿತು. ಪಾಪ, ಅವತ್ತು ಚಹಾ ಮುಟ್ಟದೆ ಆ ಹೊಸ್ತಿಲನ್ನೇ ನೋಡುತ್ತ ಕೂತ.

ಹೀಗೆ ಎಂಟು ತಿಂಗಳಾಯಿತು. ಒಂದು ದಿನ ನೀಲಿ ಚಪ್ಪಲಿ ಬಂದ ಮೇಲೆ ಕೆಳಗೆ ಅಕ್ಷರಗಳು ಕಾಣಿಸಿಕೊಂಡವು.

"ಜನ ಎಲ್ಲ ಹೋದಮೇಲೂ ನಾನು ದಿನಾ ಬಂದೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಮಾತಾಡುವವರಿಲ್ಲ. ಇಲ್ಲಾದರೂ ಯಾರೋ ಇರಬಹುದು ಅಂದುಕೊಂಡಿದ್ದೆ. ಆಮೇಲೆ ಒಂದು ದಿನವೂ ನನ್ನ ಚಪ್ಪಲಿ ಪಕ್ಕ ಇನ್ನೊಂದು ಜೊತೆ ಕಾಣಲಿಲ್ಲ. ಯಾರೂ ಇಲ್ಲದ ಮನೆ ಮುಂದೆ ಎಷ್ಟು ದಿನ ಅಂತ ಕೂರಲಿ? ಇನ್ನು ಬರೋದಿಲ್ಲ."

ಅವನು ಓದಿ ಮುಗಿಸುವಷ್ಟರಲ್ಲಿ ಚಪ್ಪಲಿ ಹೋಯಿತು.

"ಅಯ್ಯೋ, ಇಲ್ಲೇ ಇದ್ದೆನಲ್ಲಮ್ಮ! ದಿನಾ ಇಲ್ಲೇ ಇದ್ದೆನಲ್ಲ!" ಎಂದು ಅವನು ಪರದೆಗೆ ಹೇಳಿದ. ಹೇಳುತ್ತ ಅತ್ತುಬಿಟ್ಟ. ಹುಡುಕೋಣವೆಂದರೆ ಆಕೆಯ ಹೆಸರಿಲ್ಲ, ವಿಳಾಸವಿಲ್ಲ. ಯಾರನ್ನೂ ಏನೂ ಕೇಳಬಾರದೆಂದು ನಿಯಮ ಮಾಡಿದವನು ಅವನೇ.

ಅವತ್ತೇ ತನ್ನ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟ. ಈಗಲೂ ನಾಲ್ಕು ಗಂಟೆಗೆ ಅಲ್ಲಿ ಒಂದೇ ಜೊತೆ ಇರುತ್ತದಂತೆ. ಅವನದು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಸ್ವಲ್ಪ ಬಿಸಿಯಾಗಿಯೇ ಹೇಳಿದ: "ಅದು ಅವನ ದೌರ್ಬಲ್ಯ ಗುರುಗಳೇ. ಹೊರಗೆ ನಿಂತವನು ಪೂರ್ತಿ ಹೊರಗಿರಬೇಕಿತ್ತು. ದಿನಾ ಹೋಗಿ ನೋಡಿದ್ದೇ ತಪ್ಪು. ನನಗೆ ಅಂಥ ಆಸೆಯಿಲ್ಲ."

"ಒಳ್ಳೆಯದಪ್ಪ. ಯಾರಾದರೂ ಬಂದರಾ ಎಂದು ಇವತ್ತು ಬೆಳಗಿನಿಂದ ಎಷ್ಟು ಸಲ ತೆಗೆದು ನೋಡಿದೆ?"