ಸೆರಗಿನಲ್ಲಿ ಸುಟ್ಟ ಗೆಣಸು

ಶಿಷ್ಯ ಚೆನ್ನವೀರ ಗುರುಗಳನ್ನು ಕೇಳಿದ: "ಗುರುಗಳೇ, ನನ್ನ ಮನೆಯವರಿಗೆ ನಾನು ಯಾವ ಕೊರತೆಯನ್ನೂ ಮಾಡಿಲ್ಲ. ಅವರು ಕೇಳುವ ಮೊದಲೇ ತಂದುಕೊಡುತ್ತೇನೆ. ಆದರೂ ನಾನು ಒಳಗೆ ಬಂದರೆ ಅವರ ಮಾತು ನಿಂತುಹೋಗುತ್ತದೆ. ನನ್ನ ತಪ್ಪೇನು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಹುಟ್ಟಿದ್ದು ಕಾಡಂಚಿನ ಗುಡಿಸಲಿನಲ್ಲಿ. ತಂದೆ ಬೇಗ ತೀರಿಕೊಂಡ. ತಾಯಿ ಕರಡಿ ಓಡಾಡುವ ಕಾಡಿಗೆ ಒಬ್ಬಳೇ ಹೋಗಿ, ಬಳ್ಳಿಯ ಜಾಡು ಹಿಡಿದು ನೆಲ ಅಗೆದು, ಕಾಡುಗೆಣಸು ತರುತ್ತಿದ್ದಳು. ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಮಗನಿಗೆ ಕೊಡುತ್ತಿದ್ದಳು. ಬೆಳಗ್ಗೆಯೂ ಅದೇ, ಸಂಜೆಯೂ ಅದೇ. ಕಲ್ಲುನೆಲ ಕೆದಕಿ ಅವಳ ಉಗುರುಗಳು ಒಡೆದುಹೋಗಿದ್ದವು. ಹುಡುಗ ಗೆಣಸನ್ನು ನುಂಗುವಾಗಲೆಲ್ಲ ಆ ಉಗುರುಗಳನ್ನೇ ನೋಡುತ್ತಿದ್ದ.

ದೊಡ್ಡವನಾದ ಮೇಲೆ ವ್ಯಾಪಾರ ಅವನ ಕೈಹಿಡಿಯಿತು. ಪಟ್ಟಣದಲ್ಲಿ ಮನೆ ಕಟ್ಟಿಸಿ ತಾಯಿಯನ್ನು ಕರೆತಂದ. ಮೊದಲ ದಿನವೇ ಅಡುಗೆಯವರನ್ನು ಕರೆದು, "ಈ ಮನೆಯ ಹೊಸ್ತಿಲು ದಾಟಿ ಗೆಣಸು ಒಳಗೆ ಬರಕೂಡದು. ನನ್ನ ತಾಯಿ ಅದನ್ನು ತಿಂದದ್ದು ಸಾಕು" ಎಂದ. ತಾಯಿ ಪಕ್ಕದಲ್ಲೇ ಇದ್ದಳು. ಏನೂ ಹೇಳಲಿಲ್ಲ. ಅವಳಿಗೂ ಅದೇ ಸಮಾಧಾನ ಎಂದು ಅವನು ತಿಳಿದುಕೊಂಡ.

ಸಣ್ಣಕ್ಕಿ ಅನ್ನ, ತುಪ್ಪ, ಹೋಳಿಗೆ, ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೆ ತಾಯಿ ಬರಬರುತ್ತ ಎಲೆಯ ಮುಂದೆ ಕುಳಿತು ಹಾಗೆಯೇ ಏಳತೊಡಗಿದಳು. ವೈದ್ಯರು ನಾಡಿ ನೋಡಿ ಕಾಯಿಲೆ ಏನೂ ಕಾಣುವುದಿಲ್ಲ ಎಂದರು. ಮಗನಿಗೆ ದಿಗಿಲಾಯಿತು. ಅಂಗಡಿಯಲ್ಲಿ ಕುಳಿತರೂ ಮನಸ್ಸು ಮನೆಯಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಮನೆಗೆ ಬಂದ. ತಾಯಿ ಕೋಣೆಯಲ್ಲಿರಲಿಲ್ಲ. ಹುಡುಕುತ್ತ ಹಿತ್ತಿಲಿಗೆ ಹೋದ. ಕೊಟ್ಟಿಗೆಯ ಹಿಂದೆ, ಸಗಣಿ ಬಾಚುವ ಹೆಂಗಸು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ಅವಳ ಮುಂದೆ ಅವನ ತಾಯಿ ಸೆರಗೊಡ್ಡಿ ನಿಂತಿದ್ದಳು. ಆ ಹೆಂಗಸು ಸುಟ್ಟ ಗೆಣಸೊಂದನ್ನು ಮುರಿದು ಅರ್ಧವನ್ನು ಸೆರಗಿಗೆ ಹಾಕಿದಳು. ತಾಯಿ ಬೂದಿಯನ್ನೂ ಒರೆಸದೆ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ತಿಂದಳು.

ವ್ಯಾಪಾರಿ ಕೊಟ್ಟಿಗೆಯ ಮೂಲೆಯಲ್ಲೇ ನಿಂತು ನೋಡಿದ. ತನ್ನ ತಾಯಿ, ತನ್ನದೇ ಮನೆಯಲ್ಲಿ, ತನ್ನ ಆಳಿನ ಮುಂದೆ ಬೇಡುತ್ತಿದ್ದಾಳೆ. ಅಷ್ಟರಲ್ಲಿ ಅವಳು ಮಗನನ್ನು ಕಂಡಳು. ಉಳಿದ ತುಂಡನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಅಮ್ಮ, ಗತಿಯಿಲ್ಲದೆ ತಿಂದದ್ದಲ್ಲವೇ ಅದು?"

"ಗತಿಯಿಲ್ಲದೆ ತಿಂದದ್ದು ಹೌದಪ್ಪ. ಇಷ್ಟಪಟ್ಟೂ ತಿಂದೆ."

"ನನಗೊಂದು ಮಾತು ಹೇಳಬಾರದಿತ್ತೇ?"

ತಾಯಿ ತಲೆ ತಗ್ಗಿಸಿದಳು. "ಹೆದರಿಕೆಯಾಯಿತು" ಎಂದಳು.

ಕಾಡಿನಿಂದ ಕತ್ತಲಾದ ಮೇಲೆ ಮರಳಿದ ದಿನಗಳಲ್ಲೂ ಆ ಮಾತು ಅವಳ ಬಾಯಿಂದ ಬಂದದ್ದನ್ನು ಅವನು ಕೇಳಿರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಚೆನ್ನವೀರನಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. "ಆಮೇಲಾದರೂ ಅವನು ತಾಯಿಗೆ ಗೆಣಸು ತರಿಸಿಕೊಟ್ಟನೇ?" ಎಂದು ಕೇಳಿದ.

"ಅಂದೇ ತರಿಸಿ, ತಾನೇ ಸುಟ್ಟು ಬಡಿಸಿದ. ಆಕೆ ಪ್ರತಿ ತುತ್ತಿಗೂ ಮೊದಲು ಅವನ ಮುಖ ನೋಡಿಕೊಂಡು ತಿಂದಳು" ಎಂದರು ಗುರುಗಳು.