ಮೂವರ ಎದುರಿಗೆ ಆಡಿದ ಮಾತು

"ಗುರುಗಳೇ, ನನ್ನ ಮಕ್ಕಳು ಅನ್ಯೋನ್ಯವಾಗಿದ್ದಾರೆ. ನಾನೂ ಗಟ್ಟಿಮುಟ್ಟಾಗಿದ್ದೇನೆ. ಆದರೂ ಉಯಿಲು ಬರೆದಿಡಿ ಎಂದು ಹೆಂಡತಿ ಒತ್ತಾಯಿಸುತ್ತಾಳೆ. ಬದುಕಿರುವಾಗಲೇ ಸಾವಿನ ಮಾತೇಕೆ?" ಎಂದು ರೇವಣಯ್ಯ ಎಂಬ ಗೃಹಸ್ಥ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಗಂಟೆ ಎರಕ ಹೊಯ್ಯುವುದು ಅವನ ಕಸುಬು. ಅವನಿಗೊಬ್ಬ ತಮ್ಮ. ಇಬ್ಬರೂ ತಂದೆಯ ಕುಲುಮೆಯಲ್ಲೇ ಕೆಲಸ ಕಲಿತವರು. ತಂದೆ ಒಮ್ಮೆ ಅಣ್ಣನನ್ನು ಪಕ್ಕಕ್ಕೆ ಕರೆದು, "ನನ್ನ ನಂತರ ಈ ಕುಲುಮೆ ನಿನ್ನದೇ" ಎಂದಿದ್ದ. ಅಣ್ಣ ಆ ಮಾತನ್ನೇ ನಂಬಿ ದುಡಿದ.

ತಂದೆ ತೀರಿಕೊಂಡ. ತಮ್ಮ ಬಂದು, "ಕುಲುಮೆಯನ್ನು ಅಪ್ಪ ನನಗೆ ಕೊಟ್ಟಿದ್ದಾನೆ" ಎಂದ. ಅಣ್ಣನಿಗೆ ಮೈಯೆಲ್ಲ ಉರಿಯಿತು. ಸತ್ತವನ ಹೆಸರಿನಲ್ಲಿ ಸುಳ್ಳು ಹೇಳುತ್ತಾನಲ್ಲ ಎಂದುಕೊಂಡ. ಬರಹವಿಲ್ಲ, ಸಾಕ್ಷಿಯಿಲ್ಲ. ನ್ಯಾಯಾಲಯ ಇಬ್ಬರಿಗೂ ಸಮಪಾಲು ಎಂದಿತು. ಮುನಿದ ಇಬ್ಬರು ಒಂದೇ ಕುಲುಮೆಗೆ ತಿದಿ ಒತ್ತುವುದು ಹೇಗೆ? ಮಾರಿಬಿಟ್ಟರು. ಕೊಂಡವನು ಅಲ್ಲಿ ಹುಲ್ಲು ಒಟ್ಟಿದ. ಅಣ್ಣ ತಮ್ಮ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು.

ಅಣ್ಣ ತನ್ನ ದುಡಿಮೆಯಿಂದ ಬೇರೆ ಕುಲುಮೆ ಕಟ್ಟಿದ. ತಲೆ ನರೆಯಿತು. ತಮ್ಮ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂತು. ಹೆಂಡತಿಯ ಕಾಟಕ್ಕೆ ನೋಡಲು ಹೋದ. ತಮ್ಮ ಅವನ ಕೈ ಹಿಡಿದುಕೊಂಡು, "ಅಣ್ಣಾ, ಸಾಯುವವನು ಹೇಳುತ್ತಿದ್ದೇನೆ. ಅಪ್ಪ ನನಗೆ ಹೇಳಿದ್ದು ನಿಜ" ಎಂದ.

ಕಂಚುಗಾರ ಹಾಸಿಗೆಯ ಅಂಚಿಗೆ ಕೂತ. "ನನಗೂ ಹೇಳಿದ್ದ ಕಣೋ" ಎಂದ.

ಇಬ್ಬರೂ ಸುಳ್ಳಾಡಿರಲಿಲ್ಲ. ಯಾರನ್ನೂ ನೋಯಿಸಲಾರದ ತಂದೆ ಇಬ್ಬರಿಗೂ ಮಾತು ಕೊಟ್ಟಿದ್ದ.

ತಮ್ಮನ ಕರ್ಮಾಂತರ ಮುಗಿಸಿ ಬಂದವನೇ ಕಂಚುಗಾರ ತನ್ನ ಇಬ್ಬರು ಗಂಡುಮಕ್ಕಳನ್ನೂ ಮಗಳನ್ನೂ ಒಟ್ಟಿಗೆ ಕೂರಿಸಿಕೊಂಡ. "ಮನೆ ಪಿತ್ರಾರ್ಜಿತ. ಅದರಲ್ಲಿ ಹುಟ್ಟಿನಿಂದಲೇ ನಿಮಗೆಲ್ಲ ಹಕ್ಕುಂಟು, ಮಗಳಿಗೂ ಉಂಟು. ಅದರಲ್ಲಿ ನಿಮ್ಮ ಪಾಲನ್ನು ಮನಸ್ಸಿಗೆ ಬಂದವರಿಗೆ ಕೊಡುವ ಅಧಿಕಾರ ನನಗಿಲ್ಲ. ನಿಮ್ಮಮ್ಮ ಇರುವವರೆಗೆ ಅವಳನ್ನು ಅಲ್ಲಿಂದ ಯಾರೂ ಏಳಿಸಕೂಡದು. ಕುಲುಮೆ, ತೋಟ ನನ್ನ ಸ್ವಂತ ಗಳಿಕೆ. ತೋಟ ಗಂಡುಮಕ್ಕಳಿಬ್ಬರಿಗೆ. ಕುಲುಮೆ ಮಗಳಿಗೆ. ಎರಕದ ಕೈ ಇರುವುದು ಅವಳಿಗೇ."

ಹಿರಿಯ ಮಗ ಎದ್ದು ನಿಂತ. "ಮದುವೆಯಾದವಳಿಗೆ ಕುಲುಮೆಯೇ? ನಾನೇನು ಕಡಿಮೆ ಮಾಡಿದ್ದೆ?"

"ಕಡಿಮೆ ಮಾಡಿಲ್ಲ. ಬೆಂಕಿಯ ಮುಂದೆ ಕೂರಲು ನಿನಗೆ ಎಂದೂ ಮನಸ್ಸಿರಲಿಲ್ಲ. ಸಿಟ್ಟಿದ್ದರೆ ಈಗಲೇ ಜಗಳವಾಡು. ಉತ್ತರ ಹೇಳಲು ನಾನಿದ್ದೇನೆ."

ಮಗ ಊಟ ಬಿಟ್ಟು ಹೊರಟುಹೋದ. ಬಹಳ ಕಾಲ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಂಚುಗಾರನಿಗೆ ಸಂಕಟವಾಯಿತು. ಮಾತು ಮಾತ್ರ ಬದಲಿಸಲಿಲ್ಲ. ಆಡಿದ್ದನ್ನೇ ಉಯಿಲಾಗಿ ಬರೆಸಿದ. ಸಾಕ್ಷಿ ಹಾಕಲು ಅಳಿಯ ಮುಂದೆ ಬಂದಾಗ, "ಪಾಲು ಬರುವ ಮನೆಯವರು ಬೇಡಪ್ಪ" ಎಂದು, ಆಸ್ತಿಯ ಗೊಡವೆಯೇ ಇಲ್ಲದ ಇಬ್ಬರು ನೆರೆಯವರನ್ನು ಕರೆಸಿದ. ಅವರ ಕಣ್ಣೆದುರು ರುಜು ಹಾಕಿ, ಅವರಿಂದಲೂ ರುಜು ಹಾಕಿಸಿ, ನೋಂದಣಿ ಮಾಡಿಸಿದ.

ಹಿರಿಯ ಮಗ ಕೊನೆಗೂ ಬಂದ. ಬಂದು ಜಗಳವಾಡಿದ. ತಂದೆ ಉತ್ತರ ಹೇಳಿದ. ಮತ್ತೆ ಬಂದ, ಮತ್ತೆ ಜಗಳವಾಡಿದ. ತಂದೆ ಮತ್ತೆ ಉತ್ತರ ಹೇಳಿದ. ಹೀಗೇ ನಡೆದು ಒಂದು ದಿನ ಅವನಿಗೆ ಕೇಳಲು ಏನೂ ಉಳಿಯಲಿಲ್ಲ. ಅಂದು ತಂದೆಯ ಪಕ್ಕದಲ್ಲಿ ಕೂತು ಉಂಡ.

ಕಂಚುಗಾರ ತುಂಬು ವಯಸ್ಸಿನಲ್ಲಿ ತೀರಿಕೊಂಡ. ತಿಥಿಯ ಮರುದಿನ ಇದ್ದಿಲ ಮೂಟೆ ಹೊತ್ತು ತಂದು ತಂಗಿಯ ಕುಲುಮೆಯ ಮುಂದೆ ಇಳಿಸಿದವನು ಆ ಹಿರಿಯ ಮಗನೇ.

ಕತೆ ಮುಗಿಯಿತು. "ಆದರೆ ಗುರುಗಳೇ, ನನ್ನ ಮಕ್ಕಳು ಜಗಳವಾಡುವವರಲ್ಲ" ಎಂದ ರೇವಣಯ್ಯ.

"ಇರಬಹುದು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ನೀನು ಯಾರಿಗೆ ಏನೇನು ಹೇಳಿದ್ದೀಯೆ?" ಎಂದು ಗುರುಗಳು ಕೇಳಿದರು.

ರೇವಣಯ್ಯ ಎದ್ದು, ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿಕೊಳ್ಳಲು ಮನೆಯ ಕಡೆ ಹೊರಟ.