ಕೇತಮ್ಮ ಹೊತ್ತೊಯ್ದ ಬುಡಮಣ್ಣು

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಕಾಲ ಗೊತ್ತಿಲ್ಲದಷ್ಟು ಹಿಂದೆ, ಗುಡ್ಡದ ನೆತ್ತಿಯ ಒಂದು ಊರಲ್ಲಿ ಕೇತಮ್ಮ ಎಂಬ ಮದ್ದು ಕೊಡುವವಳು ಇದ್ದಳಂತೆ. ಮರ ನಿಲ್ಲದ ಗುಡ್ಡ ಅದು. ಬರೀ ಗಾಳಿ, ಕಲ್ಲು, ಸೊಂಟದೆತ್ತರದ ಕೆಂಪು ಹೂವಿನ ಪೊದೆಗಳು.

ಅವಳಿಗೆ ಒಬ್ಬಳೇ ಮಗಳು, ಬೊಮ್ಮಿ. ಅವಳನ್ನು ಎದುರು ಗುಡ್ಡಕ್ಕೆ ಕೊಟ್ಟರಂತೆ. ಕಣ್ಣಿಗೆ ಹತ್ತಿರ, ಕಾಲಿಗೆ ಮೂರು ದಿನ. ನಡುವೆ ಹೊಳೆ. ಆ ಗುಡ್ಡವನ್ನು ಕಿಚ್ಚು ತಿಂದು ತಲೆಮಾರೇ ಆಗಿತ್ತು. ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ಜೇನು ಕೀಳುವವರ ಕೈಲಿ ಬೊಮ್ಮಿ ಹೇಳಿ ಕಳಿಸಿದಳಂತೆ: "ಅವ್ವಾ, ಇಲ್ಲಿ ನೋಡೋಕೆ ಒಂದು ಹೂವಿಲ್ಲ. ನಮ್ಮ ಗಿಡ ಕಳಿಸು."

ಹೊರುವವರಿಗೆ ಭಾರವಾಗಬಾರದೆಂದು ಕೇತಮ್ಮ ಸಸಿಗಳ ಬೇರು ತೊಳೆದು ಕಳಿಸಿದಳು. ಒಣಗಿದವು. ಮತ್ತೆ ಕಳಿಸಿದಳು. ಬೊಮ್ಮಿ ಗೊಬ್ಬರ ಹಾಕಿದಳು, ಎಲೆ ಸುಟ್ಟಂತಾಗಿ ಸತ್ತವು. ಆಮೇಲೆ ಬೊಮ್ಮಿಯೇ ಊಟ ಬಿಟ್ಟು ಮಲಗಿದ್ದಾಳೆಂದು ಸುದ್ದಿ ಬಂತಂತೆ.

ಕೇತಮ್ಮ ಒಂದು ಹಳೆಯ ಪೊದೆಯ ಬುಡ ಬಗೆದು ಕೂತಳಂತೆ. ಕೂದಲಿಗಿಂತ ಸಣ್ಣ ಬೇರು. ಅದರ ಸುತ್ತ, ಕೊಳೆತ ತರಗೆಲೆಯ ಒಳಗೆಲ್ಲ, ಇನ್ನೂ ಸಣ್ಣ ಬೂಸಿನ ಎಳೆ. ಓದಿದ ಮಕ್ಕಳು ಈಗ ಅದನ್ನು ಶಿಲೀಂಧ್ರ ಅನ್ನುತ್ತಾರೆ. ಬಡಮಣ್ಣಿನ ತರಗೆಲೆಯಲ್ಲಿ ಸಿಕ್ಕಿಕೊಂಡ ಸಾರಜನಕವನ್ನು ಅದು ಬಿಡಿಸಿ ಬೇರಿಗೆ ಕೊಡುತ್ತದಂತೆ, ಗಿಡ ಅದಕ್ಕೆ ಸಿಹಿ ಕೊಡುತ್ತದಂತೆ. ಕೇತಮ್ಮನಿಗೆ ಆ ಹೆಸರೆಲ್ಲ ಎಲ್ಲಿ ಗೊತ್ತು? "ಅಯ್ಯೋ, ಉಣಿಸೋ ಕೈಯನ್ನೇ ತೊಳೆದು ಹಾಕಿದೆನಲ್ಲ!" ಅಂತ ಅತ್ತಳಂತೆ.

ಬೇರು, ಮಣ್ಣು, ತರಗು ಎಲ್ಲ ಸೇರಿಸಿ, ಹಸಿ ಎಲೆ ಸುತ್ತಿ, ಬುಟ್ಟಿಯಲ್ಲಿಟ್ಟು ತಲೆಮೇಲೆ ಹೊತ್ತಳು. ಮೂರು ದಿನ ನಡೆದಳು. ಹೊಳೆಯಲ್ಲಿ ಕತ್ತಿನ ತನಕ ನೀರು ಬಂದರೂ ಬುಟ್ಟಿ ಬಿಡಲಿಲ್ಲವಂತೆ.

ಗಿಡ ಹಿಡಿಯಿತು. ಬೊಮ್ಮಿ ಎದ್ದು ಕೂತು ಗಂಜಿ ಕುಡಿದಳು. "ಅವ್ವಾ, ಇನ್ನೊಂದು ಚಿಗುರು ಬರೋ ತನಕ ಇರು" ಅಂದಳಂತೆ. ಕೇತಮ್ಮ ಇದ್ದಳು. ಚಿಗುರು ಬಂದಾಗ ಮಗಳು ಮತ್ತದೇ ಮಾತು ಹೇಳಿದಳು. ಹಾಗೇ ಬೇಸಿಗೆ ಕಳೆಯಿತು. ಮೋಡ ಕಂಡ ಮೇಲೆ ಕೇತಮ್ಮ ಹೊರಟಳು, ಅವಳ ಮದ್ದಿಗೆ ಕಾದವರಿದ್ದರು. ಆಮೇಲೆ ಅವಳ ಕಾಲು ಸೋತಿತು, ಮಗಳಿಗೆ ಮಕ್ಕಳಾದವು. ತಾಯಿ ಮಗಳು ಮತ್ತೆ ಸೇರಲಿಲ್ಲ.

ವರ್ಷ ವರ್ಷ ಪೊದೆ ಹಬ್ಬಿತಂತೆ. ಒಂದು ಬೆಳಿಗ್ಗೆ ಊರಂಚಿನ ಬಂಡೆ ಹತ್ತಿ ನೋಡಿದಾಗ ಎದುರು ಗುಡ್ಡದ ಓರೆಯಲ್ಲಿ ಕೇತಮ್ಮನಿಗೆ ಅಂಗೈಯಗಲ ಕೆಂಪು ಕಂಡಿತಂತೆ. ಅಂದು ಅವಳು ಬಂಡೆಯಿಂದ ಇಳಿಯಲೇ ಇಲ್ಲವಂತೆ.

ಈಗಲೂ ನಮ್ಮಲ್ಲಿ ಹೂವಿನ ಕಾಲಕ್ಕೆ ತಾಯಂದಿರು ಆ ಬಂಡೆ ಹತ್ತಿ, ದೂರ ಕೊಟ್ಟ ಮಗಳ ಹೆಸರು ಹಿಡಿದು ಕೂಗುತ್ತಾರೆ. ಕೂಗು ಅಲ್ಲಿಗೆ ಮುಟ್ಟುವುದಿಲ್ಲ. ಗೊತ್ತಿದ್ದೂ ಕೂಗುತ್ತಾರೆ.